ವರ್ಷಕ್ಕೊಂದು ಬೆರಳು

ಯಾರ ಮನೆಯ ಸೈಕಲ್ಲಾದರೂ ಸವೆಯುತ್ತದೆ, ತುಕ್ಕು ಹಿಡಿಯುತ್ತದೆ, ಕೊನೆಗೊಂದು ದಿನ ಗುಜರಿಗೆ ಹೋಗುತ್ತದೆ. ದಿವ್ಯಾಳ ಮನೆಯ ಸೈಕಲ್ಲು ಮಾತ್ರ ವರ್ಷಕ್ಕೊಂದು ಬೆರಳು ಬೆಳೆಯುತ್ತಿತ್ತು. ಪಕ್ಷದ ಹಬ್ಬ ಹತ್ತಿರ ಬಂತೆಂದರೆ ಅವಳು ಅದನ್ನು ಒರೆಸಿ, ತೊಳೆದು, ಹಳೇಬೀಡಿನ ಬಸ್‌ಸ್ಟ್ಯಾಂಡ್ ಪಕ್ಕದ ಲಕ್ಕಪ್ಪನ ಸೈಕಲ್ ಶಾಪಿನವರೆಗೂ ತಳ್ಳಿಕೊಂಡು ಹೋಗುವಳು. 'ಒಂದು ಬೆರಳು ಎತ್ತಿಕೊಡಿ' ಎಂದು ಸೀಟು ಮೇಲೆ ಮಾಡಿಸಿಕೊಂಡು, ಮತ್ತೆ ತಳ್ಳಿಕೊಂಡೇ ಊರಿಗೆ ಬರುವಳು. ಆ ಸೀಟಿನ ಮೇಲೆ ಕೂರಬೇಕಾದ ಹುಡುಗ ಸತ್ತು ಐದು ವರ್ಷವಾಗಿತ್ತು.

ಊರಿನವರು ಮೊದಮೊದಲು ನೋಡಿ ಕಣ್ಣೊರೆಸಿಕೊಂಡರು. ಆಮೇಲೆ ತಲೆ ಅಲ್ಲಾಡಿಸಿದರು. ಈಗೀಗ ಏನೂ ಅನ್ನುತ್ತಿರಲಿಲ್ಲ. ಅನ್ನುವುದಕ್ಕೆ ಯಾರಿಗೆ ಪುರಸೊತ್ತಿದೆ ಹೇಳಿ! ಹೆತ್ತ ಕರುಳು, ಪಾಪ, ಅಂತ ಒಂದು ಮಾತು ಹೇಳಿ ಕೈತೊಳೆದುಕೊಂಡರೆ ಆಯಿತು. ಆ ಮನೆಯಲ್ಲಿ ಇನ್ನೊಂದು ಮಗು ಇತ್ತಲ್ಲ, ಅದೂ ಅದೇ ಕರುಳಿನದೇ ಅಲ್ಲವೇ ಎಂದು ಯಾರಿಗೂ ಹೊಳೆಯಲಿಲ್ಲ.

ಆ ಮಗುವಿನ ಹೆಸರು ಸಿರಿ. ಅಣ್ಣ ಶರತ್ ಹೋದಾಗ ಅಂಗನವಾಡಿಯ ಕೂಸು, ಈಗ ಒಂಬತ್ತರ ಹುಡುಗಿ. ಅಣ್ಣನ ಸೈಕಲ್ಲಿನಲ್ಲಿ ಒಂದು ರೌಂಡು ಹೋಗಬೇಕು ಅನ್ನುವುದು ಬಿಟ್ಟರೆ ಅವಳು ಬೇರೇನನ್ನೂ ಬಾಯಿಬಿಟ್ಟು ಕೇಳಿದವಳಲ್ಲ. ಪ್ರತಿ ವರ್ಷ ಲಕ್ಕಪ್ಪನ ಶಾಪಿನಿಂದ ಸೈಕಲ್ಲು ಮನೆಗೆ ಬಂದ ಮೇಲೆ ಮೆಲ್ಲಗೆ ಅದರ ಪಕ್ಕ ನಿಂತು, ಸೀಟು ತನ್ನ ಮೈಗೆ ಎಲ್ಲಿಗೆ ಬರುತ್ತದೆ ಎಂದು ಕೈಯಿಟ್ಟು ನೋಡಿಕೊಳ್ಳುವಳು. ಅವಳೂ ಬೆಳೆದಳು, ಸೀಟೂ ಬೆಳೆಯಿತು. ಇನ್ನೇನು ಎಟುಕಿತು ಅನ್ನುವಷ್ಟರಲ್ಲಿ ಅದು ಇನ್ನೊಂದು ಬೆರಳು ಮೇಲೆ ಹೋಗಿರುತ್ತಿತ್ತು.

ದಿವ್ಯಾಳಿಗೆ ಇದು ಕಾಣಲಿಲ್ಲವೇ ಎಂದು ಕೇಳಬಹುದು. ಕಾಣಲಿಲ್ಲ. ಅವಳ ಕಣ್ಣು ಪೂರಾ ಆ ಪೈಪಿನ ಮೇಲಿತ್ತು.

ಆ ಸೈಕಲ್ಲು ಮನೆಗೆ ಬಂದದ್ದು ಹೀಗೆ. ಗಂಡ ಶಿವಪ್ರಕಾಶ್ ಊರಿನ ಹಾಲಿನ ಡೇರಿಯಲ್ಲಿ ಸೆಕ್ರೆಟರಿ, ಜೊತೆಗೆ ಅಪ್ಪ ಕೆಂಚಪ್ಪ ಬಿಟ್ಟುಹೋದ ತೆಂಗಿನ ತೋಟ, ಒಂದಿಷ್ಟು ರಾಗಿ ಹೊಲ. ಶರತ್‌ಗೆ ಎಂಟು ತುಂಬಿದಾಗ ಎಲ್ಲರೂ ಮಾಲೇಕಲ್ಲು ಬೆಟ್ಟ ಹತ್ತಿ ವೆಂಕಟರಮಣನಿಗೆ ಕೈಮುಗಿದು ಇಳಿದಿದ್ದರು. ಇಳಿದ ಮೇಲೆ ಅರಸೀಕೆರೆಯ ಅಂಗಡಿಯೊಂದರ ಮುಂದೆ ಹುಡುಗ ಕಾಲು ಊರಿಬಿಟ್ಟ. ಕೆಂಪು ಬಣ್ಣದ ಬಿಎಂಎಕ್ಸ್ ಸೈಕಲ್ಲು. ಕುಳ್ಳಗೆ, ದಪ್ಪ ಟೈರು, ಅಗಲ ಹ್ಯಾಂಡಲ್ಲು. ಅಂಗಡಿಯವನು ಬಲು ಚಾಲಾಕಿ. 'ಬೆಳೆಯೋ ಮಗು ಸಾರ್. ವರ್ಷಕ್ಕೊಂದು ಬೆರಳು ಸೀಟು ಎತ್ತಿಸ್ಕೊಂಡು ಹೋಗಿ, ಹೈಸ್ಕೂಲು ಮುಟ್ಟೋತನಕ ಬರುತ್ತೆ' ಅಂದ. ಮಕ್ಕಳಿಗೆ ಅಂಗಿಯನ್ನೂ ಚಪ್ಪಲಿಯನ್ನೂ ಒಂದು ಸೈಜು ದೊಡ್ಡದೇ ಕೊಳ್ಳುವ ಜನ ನಾವು. ಆ ಮಾತು ಶಿವಪ್ರಕಾಶನಿಗೆ ಸರಿಯಾಗಿ ಹಿಡಿಸಿತು.

ಮನೆಗೆ ಬಂದವನೇ ಶರತ್ ತನ್ನ ತೋರುಬೆರಳನ್ನು ಸೀಟಿನ ಪೈಪಿಗೆ ಅಡ್ಡವಾಗಿ ಇಟ್ಟು ಅಮ್ಮನಿಗೆ ತೋರಿಸಿದ್ದ. "ಮುಂದಿನ ವರ್ಷ ಇಷ್ಟು ಎತ್ತರ ಮಾಡಿಸ್ಬೇಕು. ಆಮೇಲಿನ ವರ್ಷ ಇನ್ನೂ ಇಷ್ಟು. ಮರೀಬಾರ್ದು ಅಮ್ಮ."

"ಮರೆಯಲ್ಲ ಕಣೋ ನನ್ನಪ್ಪ."

ಮಳೆಗಾಲದಲ್ಲಿ ಜ್ವರ ಬಂತು. ಹಳೇಬೀಡಿನಲ್ಲಿ ಮಾತ್ರೆ ಕೊಟ್ಟರು, ಹಾಸನದಲ್ಲಿ ಡೆಂಗಿ ಅಂದರು, ರಕ್ತ ಕೊಟ್ಟರು. ವಾರ ತುಂಬುವುದರೊಳಗೆ ಹುಡುಗನನ್ನು ತೋಟದ ಬದಿಯಲ್ಲಿ ಮಣ್ಣು ಮಾಡಿ ಬಂದಿದ್ದರು. ದಿವ್ಯಾ ಅವತ್ತು ಅಳಲಿಲ್ಲ. ಸೈಕಲ್ಲನ್ನು ಒಳಗೆ ತಂದು ನಡುಮನೆಯ ಗೋಡೆಗೆ ಒರಗಿಸಿದಳು, ಅಷ್ಟೇ.

ಈ ಸೀಮೆಯಲ್ಲಿ ಪಕ್ಷದ ಹಬ್ಬಕ್ಕೆ ಹಿರಿಯರಿಗೆ ಎಡೆ ಇಡುತ್ತಾರೆ. ತೀರಿಕೊಂಡವರಿಗೆ ಏನೇನು ಇಷ್ಟವಿತ್ತೋ ಅದನ್ನೆಲ್ಲ ಬಾಳೆಎಲೆಗೆ ಬಡಿಸಿ, ಹೊಸ ಬಟ್ಟೆ ಇಟ್ಟು, ದೀಪ ಹಚ್ಚಿ, ಮನೆಯವರೆಲ್ಲ ಆಚೆ ಬಂದು ಬಾಗಿಲು ಮುಚ್ಚುತ್ತಾರೆ. ಹಿರಿಯರು ಬಂದು ಉಂಡು ಹೋಗಲಿ ಎಂದು ಸ್ವಲ್ಪ ಹೊತ್ತು ಜಗಲಿಯ ಮೇಲೆ ಕಾಯುತ್ತಾರೆ. ಆಮೇಲೆ ಬಾಗಿಲು ತಟ್ಟಿ ಒಳಗೆ ಹೋಗಿ ತಾವು ಉಣ್ಣುತ್ತಾರೆ, ಆ ಬಟ್ಟೆಯನ್ನು ತಾವೇ ಉಡುತ್ತಾರೆ. ಕೆಂಚಪ್ಪನವರಿಗೆ ಕೋಳಿಸಾರು, ಬೀಡಿಕಟ್ಟು, ಪಂಚೆ ಇಡುವುದು ನಡೆದುಬಂದಿತ್ತು. ಆ ಪಂಚೆಯನ್ನು ಶಿವಪ್ರಕಾಶ ಉಡುತ್ತಿದ್ದ.

ಶರತ್ ಹೋದ ಮೇಲಿನ ಹಬ್ಬದಲ್ಲಿ ದಿವ್ಯಾ ಎರಡನೆಯ ಎಲೆ ಹಾಕಿದಳು. ಅತ್ತೆ ಜಾನಕಮ್ಮ ತಡೆದರು. "ಮಕ್ಕಳಿಗೆ ಎಡೆ ಇಡೋದು ನಮ್ಮಲ್ಲಿಲ್ಲ ಕಣೇ. ಎಳೇ ಜೀವ, ಹೋಗ್ಲಿ ಬಿಡು, ಹಿಂಗೆ ಕರೀಬ್ಯಾಡ."

"ನಿಮ್ಮ ಯಜಮಾನ್ರಿಗಾದ್ರೆ ಆಗುತ್ತೆ, ನನ್ನ ಮಗನಿಗೆ ಆಗಲ್ವಾ ಅತ್ತೆ?" ಎಂದಳು ದಿವ್ಯಾ. ಅಂಥ ಮಾತಿಗೆ ಯಾವ ಅತ್ತೆ ತಾನೇ ಎದುರು ಹೇಳಿಯಾಳು?

ಅಲ್ಲಿಂದ ಶುರುವಾಯಿತು. ಎಲೆಯ ಮುಂದೆ ಚಕ್ಕುಲಿ, ಮಾವಿನ ಜ್ಯೂಸಿನ ಪೊಟ್ಟಣ, ಪಕ್ಕದಲ್ಲಿ ಸೈಕಲ್ಲು. ಬೇಲೂರಿನ ಬಟ್ಟೆ ಅಂಗಡಿಯಲ್ಲಿ 'ಹುಡುಗನಿಗೆಷ್ಟು ವಯಸ್ಸು' ಎಂದು ಕೇಳಿದರೆ ಅವಳು ಒಂಬತ್ತು ಅಂದಳು, ಮರುವರ್ಷ ಹತ್ತು ಅಂದಳು, ಈ ವರ್ಷ ಹದಿಮೂರು ಅಂದಳು. ಆ ಅಂಗಿಗಳನ್ನು ಯಾರೂ ತೊಡಲಿಲ್ಲ. ಒಂದಕ್ಕಿಂತ ಒಂದು ದೊಡ್ಡದಾಗುತ್ತ ಬೀರುವಿನಲ್ಲಿ ಮಡಿಸಿಕೊಂಡು ಕೂತವು. ಸಿರಿಯ ಬಟ್ಟೆಯ ಮಾತು ಬಂದರೆ, ದೀಪಾವಳಿಗೆ ನೋಡೋಣ.

ಈ ವರ್ಷ ಲಕ್ಕಪ್ಪನ ಶಾಪಿಗೆ ಹೋಗುವಾಗ ಸಿರಿಯೂ ಜೊತೆಗಿದ್ದಳು. ಸ್ಕೂಲಿಗೆ ರಜಾ. ಹ್ಯಾಂಡಲ್ಲಿನ ಒಂದು ಕಡೆ ಅಮ್ಮ, ಇನ್ನೊಂದು ಕಡೆ ಮಗಳು, ಕೆರೆ ಏರಿಯ ಮೇಲೆ ತಳ್ಳಿಕೊಂಡು ಹೋದರು. ಹುಡುಗಿ ದಾರಿಯುದ್ದಕ್ಕೂ ಏನೂ ಕೇಳಲಿಲ್ಲ. ಇನ್ನೇನು ಬಸ್‌ಸ್ಟ್ಯಾಂಡ್ ಬಂತು ಅನ್ನುವಾಗ, "ಅಮ್ಮ, ಈ ವರ್ಷ ನಂಗೆ ಕಾಲು ಎಟುಕ್ತದೆ. ಎತ್ತರ ಮಾಡ್ಸೋಕೆ ಮುಂಚೆ ಒಂದೇ ಒಂದು ರೌಂಡು?" ಎಂದಳು.

"ಅದು ಅಣ್ಣಂದು," ಎಂದಳು ದಿವ್ಯಾ.

ಲಕ್ಕಪ್ಪ ಬಾಯಿ ಒರಟು, ಕೈ ನಿಧಾನ. "ಬಂದ್ಯೇನವ್ವ? ನಿನ್ನ ನೋಡಿದ್ಮ್ಯಾಲೇ ಪಕ್ಷ ಬಂತು ಅಂತ ನಂಗೆ ಗೊತ್ತಾಗೋದು," ಎನ್ನುತ್ತ ಕುಕ್ಕರುಗಾಲಿನಲ್ಲಿ ಕೂತ. ಸೀಟಿನ ಪೈಪು ಸೈಕಲ್ಲಿನ ಫ್ರೇಮಿನೊಳಗೆ ಇಳಿಯುವ ಕಡೆ ಒಂದು ಕ್ಲಾಂಪು ಇರುತ್ತದಲ್ಲ, ಅದರ ಬೋಲ್ಟಿಗೆ ಎಲ್ ಆಕಾರದ ಅಲೆನ್ ಕೀ ಹಾಕಿ ತಿರುಗಿಸಿದ. ಕ್ಲಾಂಪು ಸಡಿಲವಾಯಿತು. ಸೀಟನ್ನು ಅತ್ತಿತ್ತ ತಿರುವುತ್ತ ಮೇಲಕ್ಕೆಳೆದ. ಹಿಂದಿನ ವರ್ಷಗಳಲ್ಲಿ ಕ್ಲಾಂಪು ಕಚ್ಚಿದ್ದ ಗುರುತುಗಳು ಪೈಪಿನ ಮೇಲೆ ಒಂದರ ಕೆಳಗೊಂದು ಕಾಣುತ್ತಿದ್ದವು. ಈ ಸಲ ಅರ್ಧ ಬೆರಳು ಬರುವಷ್ಟರಲ್ಲಿ ಅವನ ಕೈ ನಿಂತಿತು.

"ಇಷ್ಟೇಯಾ ಕಣವ್ವ. ಗೀಟು ಬಂತು."

"ಯಾವ ಗೀಟು?"

ಅವನು ಬಟ್ಟೆಯಿಂದ ಪೈಪು ಒರೆಸಿ ತೋರಿಸಿದ. ಅಡ್ಡಕ್ಕೆ ಒಂದು ಗೀಟು ಕೊರೆದಿತ್ತು, ಪಕ್ಕದಲ್ಲಿ ಸಣ್ಣ ಇಂಗ್ಲಿಷ್ ಅಕ್ಷರ. "ಈ ಗೀಟು ಯಾವತ್ತೂ ಒಳಗೇ ಇರ್ಬೇಕು. ಆಚೆ ಬಂತೂ ಅಂದ್ರೆ ಒಳಗೆ ಹಿಡ್ಕಳಾಕೆ ಪೈಪೇ ಉಳಿಯಾಕಿಲ್ಲ. ಆಮ್ಯಾಕೆ ಎಷ್ಟು ಬಿಗಿ ಮಾಡಿದ್ರೂ ಅಷ್ಟೇಯಾ. ಮ್ಯಾಲೆ ಕೂತೋರು ಒಂಚೂರು ಹಿಂದಕ್ಕೆ ವಾಲಿದ್ರೂ ಸೀಟು ಪೈಪಿನ ಸಮೇತ ಕಿತ್ಕಂಡು ಬತ್ತದೆ."

"ಒಂದು ಬೆರಳು ಆಗಲೇಬೇಕು ಲಕ್ಕಪ್ಪಣ್ಣ. ಇದು ಅರ್ಧ."

"ಆಗಾಕಿಲ್ಲ ಅಂದ್ನಲ್ಲ. ಇದು ಹುಡುಗ್ರು ನಿಂತ್ಕಂಡು ತುಳಿಯೋ ಗಾಡಿ, ಸೀಟು ತಗ್ಗಿದ್ರೇನೇ ಇದಕ್ಕೆ ಸರಿ. ಬೇಜಾರು ಮಾಡ್ಕಬ್ಯಾಡ, ನಿನ್ನ ಮಗ ಇದ್ದಿದ್ರೂ ಈಗ ಇದು ಅವನಿಗೆ ಸಣ್ಣದೇಯಾ." ಅಷ್ಟರಲ್ಲಿ ಅವನ ಕಣ್ಣು ಹ್ಯಾಂಡಲ್ಲು ಹಿಡಿದು ನಿಂತಿದ್ದ ಸಿರಿಯ ಮೇಲೆ ಬಿತ್ತು. "ಈ ಕೂಸಿನ ಅಳತೆಗೆ ಇಳಿಸ್ಕೊಡ್ಲಾ? ಒಂದು ಗಳಿಗೆ ಕೆಲಸ. ಆಡ್ಕಳ್ಲಿ ಬಿಡು."

ಸಿರಿ ಉಸಿರು ಬಿಗಿಹಿಡಿದು ಅಮ್ಮನ ಮುಖ ನೋಡಿದಳು. ದಿವ್ಯಾ ಆ ಕಡೆ ತಿರುಗಿಯೂ ನೋಡಲಿಲ್ಲ. "ಇಳಿಸೋದು ಬೇಡ. ಎತ್ತಿ."

"ಯಾರಾದ್ರೂ ಕೂತು ಬಿದ್ದು ಮೂಳೆ ಮುರ್ಕಂಡ್ರೆ?"

"ಯಾರು ಕೂರ್ತಾರೆ ಅದರ ಮೇಲೆ? ಯಾರೂ ಕೂರಲ್ಲ!"

ಅಷ್ಟು ವರ್ಷದಲ್ಲಿ ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಬಂದ ಮೇಲೆ ಅವಳಿಗೇ ಭಯವಾಯಿತು. ಅಲ್ಲೇ, ಅವತ್ತೇ, ಆ ಅಂಗಡಿಯ ಮುಂದೆ ಕೂತು ಗಟ್ಟಿಯಾಗಿ ಅತ್ತುಬಿಟ್ಟಿದ್ದರೆ ಎಲ್ಲರೂ ಬದುಕಿಕೊಳ್ಳುತ್ತಿದ್ದರು. ಅವಳು ಅಳಲಿಲ್ಲ. ಲಕ್ಕಪ್ಪ ಗೀಟಿಗೆ ಸರಿಯಾಗಿ ಬಿಗಿ ಮಾಡಿಕೊಟ್ಟ ಸೈಕಲ್ಲನ್ನು ಕಿತ್ತುಕೊಂಡವಳಂತೆ ತಳ್ಳಿಕೊಂಡು ಹೊರಟಳು. ಸಿರಿ ಹಿಂದೆ ಓಡೋಡಿ ಬಂದಳು.

ಊರ ಬಾಗಿಲಲ್ಲಿ ಪಕ್ಕದ ಮನೆಯ ಮುದ್ದಮ್ಮನ ಮೊಮ್ಮಗ ಎದುರಾದ. ಶರತ್‌ನ ಓರಗೆ, ಇಬ್ಬರೂ ಒಂದೇ ಬೆಂಚಿನಲ್ಲಿ ಕೂತವರು. ಬೆಂಗಳೂರಿನ ಹಾಸ್ಟೆಲಿನಿಂದ ಹಬ್ಬಕ್ಕೆ ಬಂದಿದ್ದ. ವರ್ಷದ ಹಿಂದೆ ದಿವ್ಯಾಳ ಗಲ್ಲಕ್ಕೆ ಬರುತ್ತಿದ್ದವನು ಈಗ ಅವಳಿಗಿಂತ ಎತ್ತರ. ಮೂಗಿನ ಕೆಳಗೆ ಕಪ್ಪು, ದನಿ ಒಡೆದಿತ್ತು. "ಚೆನ್ನಾಗಿದೀರಾ ಆಂಟಿ?" ಎಂದ. ದಿವ್ಯಾ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಗೇಣುದ್ದ ಬೆಳೆದಿದ್ದಾನೆ, ಒಂದೇ ವರ್ಷದಲ್ಲಿ! ಹಾಗಾದರೆ ತಾನು ಎಂಥ ತಾಯಿ? ಲೆಕ್ಕ ಹಾಕಿದವಳಂತೆ ಒಂದೊಂದು ಬೆರಳು ಎತ್ತಿಸುತ್ತ ಕೂತಿದ್ದೇನಲ್ಲ, ನನ್ನ ಮಗ ಅಷ್ಟರಲ್ಲೇ ಮುದುಡಿಕೊಂಡು ಕೂರಬೇಕೇ?

ಸೈಕಲ್ಲಿನ ಜೊತೆ ಬಂದಿದ್ದ ಅಲೆನ್ ಕೀ ಶರತ್‌ನ ಪೆನ್ಸಿಲ್ ಡಬ್ಬಿಯಲ್ಲಿತ್ತು. ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಸೈಕಲ್ಲು ನಿಲ್ಲಿಸಿ ಅವಳೇ ಬೋಲ್ಟು ಸಡಿಲ ಮಾಡಿದಳು. ಗೀಟು ಆಚೆ ಬಂತು. ಇನ್ನೂ ಎಳೆದಳು. ಪೈಪಿನ ತುದಿ ಒಳಗೆ ಹೆಬ್ಬೆಟ್ಟಿನಷ್ಟು ಉಳಿದಿದೆ ಅನ್ನಿಸಿದಾಗ ನಿಲ್ಲಿಸಿದಳು. ಬೋಲ್ಟನ್ನು ಕೈಯಲ್ಲಿ ಆದಷ್ಟು ತಿರುವಿ, ಆಮೇಲೆ ಕೀ ಮೇಲೆ ಹಿಮ್ಮಡಿ ಊರಿ ಒತ್ತಿದಳು. ಲಕ್ಕಪ್ಪ ಮಾಡುವುದನ್ನು ನೋಡಿದ್ದಳಲ್ಲ, ಸೀಟಿನ ಮೂತಿಯನ್ನು ಎರಡೂ ಕೈಯಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ಹಿಂಡಿದಳು. ಒಂಚೂರೂ ತಿರುಗಲಿಲ್ಲ. ಬಿಗಿಯಾಗಿದೆ ಎಂದುಕೊಂಡಳು. ಹಿಂದಕ್ಕೆ ವಾಲಿಸಿ ನೋಡುವುದು ಅವಳಿಗೆ ಹೊಳೆಯಲಿಲ್ಲ.

ಹಾಲು ಅಳೆಯಲು ಡೇರಿಗೆ ಹೊರಟಿದ್ದ ಶಿವಪ್ರಕಾಶ ಹಿತ್ತಿಲ ಬಾಗಿಲಲ್ಲಿ ನಿಂತು ನೋಡಿದ. "ಗೀಟು ಆಚೆ ಬಂದಂಗೈತಲ್ಲ," ಎಂದ.

"ಬರ್ಲಿ ಬಿಡ್ರೀ."

ಬಿಟ್ಟ. ಅದೇ ಅವನ ಗುಣ. ಐದು ವರ್ಷದಿಂದ ಬಿಟ್ಟುಕೊಂಡೇ ಬಂದಿದ್ದ. ಹೆಂಡತಿಯನ್ನು ತಡೆದರೆ ಅಳು ಶುರುವಾಗುತ್ತದೆ, ಶುರುವಾದರೆ ತನ್ನದೂ ನಿಲ್ಲುವುದಿಲ್ಲ ಎಂಬ ಹೆದರಿಕೆ. ಕ್ಯಾನು ಎತ್ತಿಕೊಂಡು ಹೊರಟುಹೋದ.

ಜಾನಕಮ್ಮ ಮಾತ್ರ ಒಳಗಿನಿಂದ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. "ಸಿರಿ ಈಗ ಅವನಿಗಿಂತ ದೊಡ್ಡೋಳಾದ್ಲು ಕಣೇ. ಅವನು ಎಂಟಕ್ಕೇ ನಿಂತ, ಇವಳು ಒಂಬತ್ತು. ನೋಡಿದ್ಯಾ ಅದನ್ನ? ಜೀವ ಇರೋ ಮಗೀನ ಒಂದಪ ತಿರುಗಿ ನೋಡು ಮಾರಾಯ್ತಿ."

ದಿವ್ಯಾ ಸೀಟು ಒರೆಸುತ್ತಿದ್ದಳು. ಒರೆಸುವುದನ್ನು ನಿಲ್ಲಿಸಲಿಲ್ಲ.

ಅಮಾವಾಸ್ಯೆಯ ದಿನ ಬೆಳಗಿನಿಂದ ಮನೆಯಲ್ಲಿ ಒಲೆ ಆರಲಿಲ್ಲ. ಕೋಳಿಸಾರು, ಮುದ್ದೆ, ವಡೆ, ಕಜ್ಜಾಯ. ಸಿರಿ ತೆಂಗಿನಕಾಯಿ ತುರಿದಳು, ನೀರು ತಂದಳು, ಬಾಳೆಎಲೆ ಒರೆಸಿದಳು. ಚಕ್ಕುಲಿಯ ಡಬ್ಬಿಗೆ ಕೈಹಾಕಿದಾಗ, "ಮುಟ್ಟಬೇಡ, ಅಣ್ಣಂಗೆ ಎಡೆ ಆಗ್ಲಿ," ಎಂದು ಬೈಸಿಕೊಂಡಳು. ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ನಡುಮನೆಯಲ್ಲಿ ಎರಡು ಎಲೆ ಹಾಕಿ ಬಡಿಸಿದ್ದಾಯಿತು. ಕೆಂಚಪ್ಪನವರ ಎಲೆಯ ಮುಂದೆ ಪಂಚೆ, ಬೀಡಿಕಟ್ಟು. ಶರತ್‌ನ ಎಲೆಯ ಮುಂದೆ ನೀಲಿ ಗೀರಿನ ತುಂಬುತೋಳಿನ ಅಂಗಿ, ಪ್ಯಾಂಟು. ಗೋಡೆಗೆ ಒರಗಿದ ಸೈಕಲ್ಲಿನ ಹ್ಯಾಂಡಲ್ಲಿಗೆ ಸೇವಂತಿಗೆ ಹಾರ. ಸೀಟು ಅಷ್ಟೆತ್ತರದಲ್ಲಿ ಒಂಟಿಯಾಗಿ ನಿಂತಿತ್ತು.

"ಎಲ್ಲಾರೂ ಆಚೀಕೆ ಬನ್ನಿ," ಎಂದು ಜಾನಕಮ್ಮ ಕರೆದರು. ದಿವ್ಯಾ ಕೊನೆಯಲ್ಲಿ ದೀಪದ ಬತ್ತಿ ಸರಿಮಾಡಿ, "ಬಾರೋ ಶರತು. ಈ ಸಲ ಚೆನ್ನಾಗಿ ಎತ್ತರ ಮಾಡಿದೀನಿ," ಎಂದು ಹೇಳಿ ಹೊರಗೆ ಬಂದಳು. ಬಾಗಿಲು ಎಳೆದು ಚಿಲಕ ಹಾಕಿದಳು. ಜಗಲಿಯ ಮೇಲೆ ಜಾನಕಮ್ಮ ಕಂಬಕ್ಕೊರಗಿ ಕೂತರು, ಶಿವಪ್ರಕಾಶ ಮೆಟ್ಟಿಲ ಮೇಲೆ ಕೂತ, ಪಕ್ಕದ ಮನೆಯ ಮುದ್ದಮ್ಮನೂ ಬಂದು ಸೇರಿದಳು. ಹಿರಿಯರು ಉಣ್ಣುವ ಹೊತ್ತಿನಲ್ಲಿ ಮಾತಾಡಬಾರದು.

ಸ್ವಲ್ಪ ಹೊತ್ತಾದ ಮೇಲೆ ಒಳಗೆ 'ಕಿರ್' ಎಂದಿತು.

ದಿವ್ಯಾಳ ಮೈಯೆಲ್ಲ ಕಿವಿಯಾಯಿತು. ಪೆಡಲ್ಲು ತಿರುಗಿದ ಸದ್ದು. ಅವಳಿಗೆ ಆ ಸದ್ದು ಗೊತ್ತು. ಒಂದು ಬೇಸಿಗೆ ಪೂರ್ತಿ ಹಗಲೂ ಸಂಜೆಯೂ ಕೇಳಿದ್ದಳು. ಮತ್ತೆ ಸೀಟು ನರಳಿದ ಸದ್ದು. ಅದರ ಹಿಂದೆಯೇ ದಡಾರನೆ ಏನೋ ಬಿತ್ತು, ತಂಬಿಗೆಯೊಂದು ಉರುಳಿಕೊಂಡು ಹೋಗಿ ಗೋಡೆಗೆ ಬಡಿಯಿತು.

"ಯಪ್ಪಾ, ಬಂದವ್ರೆ!" ಎಂದು ಜಾನಕಮ್ಮ ಎರಡೂ ಕೈ ಜೋಡಿಸಿದರು. ಮುದ್ದಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಶಿವಪ್ರಕಾಶ ಎದ್ದು ನಿಂತ.

ಆಗ ಒಳಗಿನಿಂದ ತೆಳ್ಳಗೆ ಒಂದು ದನಿ ಬಂತು. "ಅಮ್ಮಾ..."

ದಿವ್ಯಾ ಬಾಗಿಲಿಗೆ ಬೆನ್ನು ಕೊಟ್ಟು ನಿಂತುಬಿಟ್ಟಳು. ಅವಳ ಮುಖ ನೋಡಬೇಕಿತ್ತು! ಐದು ವರ್ಷ ಆ ಮುಖದ ಮೇಲೆ ಇರದಿದ್ದ ಕಳೆ ಒಂದೇ ಸಲಕ್ಕೆ ಬಂದಿತ್ತು. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು. ಶಿವಪ್ರಕಾಶ ಚಿಲಕಕ್ಕೆ ಕೈಹಾಕಿದ; ಅವಳು ಆ ಕೈಯನ್ನು ತಳ್ಳಿದಳು.

"ತೆಗೀಬೇಡ್ರೀ! ತೆಗೆದ್ರೆ ಹೊರಟೋಗ್ತಾನೆ!"

"ದಿವ್ಯಾ, ಯಾರೋ ಕರೆದಂಗೆ..."

"ಅವನೇ ಕಣ್ರೀ. ನನ್ನ ಮಗನ ದನಿ ನಂಗೊತ್ತಿಲ್ವಾ?" ಅವಳು ಕೆನ್ನೆಯನ್ನು ಬಾಗಿಲಿಗೆ ಒತ್ತಿದಳು. ಹಾಲುಗಲ್ಲದ ಮಗುವಿಗೆ ಹೇಳುವ ಹಾಗೆ ಒಳಗಿನವರಿಗೆ ಕೇಳುವಂತೆ ಹೇಳಿದಳು: "ಇಲ್ಲೇ ಇದೀನಿ ಶರತು. ಊಟ ಮಾಡು ನನ್ನಪ್ಪ, ನಿಧಾನಕ್ಕೆ ಊಟ ಮಾಡು. ಯಾರೂ ಬರಲ್ಲ ಒಳಗೆ."

ಒಳಗೆ ಸದ್ದು ನಿಂತಿತು.

ಎಷ್ಟು ಹೊತ್ತು ಹಾಗೇ ನಿಂತಿದ್ದರೋ. ಹೆದರಿಕೆ ಯಾವುದು, ಭಕ್ತಿ ಯಾವುದು, ಅಲ್ಲಿದ್ದ ನಾಲ್ವರಿಗೂ ತಿಳಿಯಲಿಲ್ಲ. ಇಳಿಬಿಸಿಲು ಜಗಲಿಯಿಂದ ಮೆಟ್ಟಿಲಿಗೆ ಸರಿಯಿತು. ದಿವ್ಯಾ ಬಾಗಿಲಿಗೆ ಅಂಟಿಕೊಂಡೇ ಇದ್ದಳು, ಮಗ ಉಣ್ಣುವ ಸದ್ದು ಕೇಳುತ್ತಿದೆಯೆಂಬಂತೆ. ಜಾನಕಮ್ಮನ ಕಣ್ಣು ಮೆಟ್ಟಿಲ ಕೆಳಗೆ ಬಿಟ್ಟಿದ್ದ ಚಪ್ಪಲಿಗಳ ಮೇಲೆ ಹೋಯಿತು. ದೊಡ್ಡವರ ಚಪ್ಪಲಿಗಳ ನಡುವೆ ಒಂದು ಪುಟ್ಟ ಜೊತೆ, ಗುಲಾಬಿ ಪಟ್ಟಿಯದು. ಮುದುಕಿ ಬೀದಿಯ ಆ ತುದಿಗೊಮ್ಮೆ, ಈ ತುದಿಗೊ‌ಮ್ಮೆ ನೋಡಿದರು.

"ಸಿರಿ ಎಲ್ಲವ್ಳೆ?" ಎಂದರು.

ಶಿವಪ್ರಕಾಶ ಜೀವನದಲ್ಲಿ ಮೊದಲ ಸಲ ಹೆಂಡತಿಯ ರಟ್ಟೆ ಹಿಡಿದು ಪಕ್ಕಕ್ಕೆಳೆದು ಚಿಲಕ ತೆಗೆದ.

ಸೈಕಲ್ಲು ಅಡ್ಡ ಬಿದ್ದಿತ್ತು. ಸೀಟು ಪೈಪಿನ ಸಮೇತ ಕಿತ್ತುಬಂದು ಎಲೆಗಳ ಪಕ್ಕದಲ್ಲಿತ್ತು. ಸಿರಿ ಸೈಕಲ್ಲಿನ ಮೇಲೆಯೇ ಒರಗಿ ಬಿದ್ದಿದ್ದಳು. ಸೀಟಿಲ್ಲದ ಫ್ರೇಮಿನ ಬಾಯಿ, ಅದರ ಕ್ಲಾಂಪಿನ ಚೂಪು, ತೊಡೆಯ ಒಳಭಾಗವನ್ನು ಉದ್ದಕ್ಕೆ ಸೀಳಿಬಿಟ್ಟಿತ್ತು. ರಕ್ತ ಹರಿದು ಬಾಳೆಎಲೆಗಳನ್ನು ಮುಟ್ಟಿ, ಚಕ್ಕುಲಿಗಳ ಸುತ್ತ ನಿಂತಿತ್ತು. ಹುಡುಗಿಯ ಕಣ್ಣುಗಳು ಅರೆತೆರೆದಿದ್ದವು, ತುಟಿ ಬಿಳಚಿಕೊಂಡಿತ್ತು. ಒಂದು ಕೈ ಬಾಯಿಯ ಮೇಲಿತ್ತು.

ದಿವ್ಯಾ ಕಿರುಚಲಿಲ್ಲ. ಎಡೆಗಿಟ್ಟಿದ್ದ ನೀಲಿ ಗೀರಿನ ಅಂಗಿಯನ್ನು ಎಳೆದುಕೊಂಡು ಹಲ್ಲಿನಲ್ಲಿ ಕಚ್ಚಿ ಹರಿಯಲು ನೋಡಿದಳು. ಹೊಸ ಬಟ್ಟೆ, ಹರಿಯಲಿಲ್ಲ. ಹಾಗೇ ಮುದ್ದೆ ಮಾಡಿ ಗಾಯಕ್ಕೆ ಒತ್ತಿ, ಎರಡು ತೋಳುಗಳನ್ನು ಸುತ್ತಿ ಗಂಟು ಬಿಗಿದಳು. ಹದಿಮೂರರ ಹುಡುಗನ ಅಂಗಿಯ ತೋಳು ಸಿರಿಯ ತೊಡೆಗೆ ಎರಡು ಸುತ್ತು ಬಂತು.

ಮುದ್ದಮ್ಮನ ಮೊಮ್ಮಗ ಯಾರದೋ ಕಾರು ತಂದ. ಹಳೇಬೀಡಿನಲ್ಲಿ ನೋಡಿ ಪಟ್ಟಿ ಕಟ್ಟಿ, ತಡ ಮಾಡದೆ ಹಾಸನಕ್ಕೆ ಕರೆದುಕೊಂಡು ಹೋಗಿ ಅಂದರು. ಅದೇ ರಸ್ತೆ, ಅದೇ ತಿರುವುಗಳು. ದಿವ್ಯಾ ಮಗಳ ತಲೆಯನ್ನು ಮಡಿಲಲ್ಲಿಟ್ಟುಕೊಂಡು, ಅವಳ ಹೆಸರನ್ನೇ ದಾರಿಯುದ್ದಕ್ಕೂ ಕರೆದಳು. ಸಿರಿ, ಸಿರಿ, ಸಿರಿ. ಅಷ್ಟು ವರ್ಷದಲ್ಲಿ ಕರೆಯದೆ ಉಳಿಸಿಕೊಂಡಿದ್ದನ್ನೆಲ್ಲ ಒಂದೇ ದಾರಿಯಲ್ಲಿ ಕರೆದು ಮುಗಿಸುವವಳ ಹಾಗೆ ಕರೆದಳು. ಹುಡುಗಿ ಓಗೊಡಲಿಲ್ಲ.

ಹಾಸನದಲ್ಲಿ ರಕ್ತ ಕೊಟ್ಟರು, ಹೊಲಿಗೆ ಹಾಕಿದರು. ಬೆಳಿಗ್ಗೆ ಡಾಕ್ಟರು ಹೊರಗೆ ಬಂದು ಜೀವಕ್ಕೆ ತೊಂದರೆಯಿಲ್ಲ ಅಂದರು. ಆದರೆ ನರಕ್ಕೆ ಏಟು ಬಿದ್ದಿದೆ, ಕಾಲು ಮೊದಲಿನ ಹಾಗೆ ಆಗುವುದು ಅನುಮಾನ, ಎಳೆದುಕೊಂಡು ನಡೆಯಬೇಕಾಗಬಹುದು ಅಂದರು. "ತುಂಬ ರಕ್ತ ಹೋಗಿತ್ತು. ಬಿದ್ದ ತಕ್ಷಣ ನೀವು ನೋಡ್ಲಿಲ್ವಾ?"

ಶಿವಪ್ರಕಾಶ ದಿವ್ಯಾಳ ಕಡೆ ನೋಡಿದ. ಆಮೇಲೆ ನೆಲ ನೋಡಿದ. "ಬಾಗಿಲು ಹಾಕಿತ್ತು ಸಾರ್," ಎಂದ.

ಮಧ್ಯಾಹ್ನ ಸಿರಿ ಕಣ್ಣುಬಿಟ್ಟಳು. ಮಂಚದ ಪಕ್ಕದ ಸ್ಟೂಲಿನ ಮೇಲೆ ದಿವ್ಯಾ ಒಬ್ಬಳೇ ಕೂತಿದ್ದಳು, ಸೀರೆಯ ಮೇಲೆ ಒಣಗಿದ ರಕ್ತ ಹಾಗೇ ಇತ್ತು.

"ಅಮ್ಮಾ."

ದಿವ್ಯಾ ಬೆಚ್ಚಿದಳು. ಬಾಗಿಲ ಹಿಂದಿನಿಂದ ಬಂದದ್ದು ಇದೇ ದನಿ. ಇದೇ. "ಏನು ಮಗಳೇ? ನೋವಾ? ನೀರು ಕೊಡ್ಲಾ?"

"ಸೈಕಲ್ಲು ಮುರಿದೋಯ್ತಾ?"

"ಹೋದ್ರೆ ಹೋಗ್ಲಿ. ಲಕ್ಕಪ್ಪಣ್ಣನ ಹತ್ರ ಸರಿ ಮಾಡ್ಸಿ, ಸೀಟು ನಿನ್ನ ಅಳತೆಗೆ ಇಳಿಸಿ ಕೊಡ್ತೀನಿ. ನಿಂದೇ ಅದು ಇನ್ಮೇಲೆ, ಆಯ್ತಾ?" ದಿವ್ಯಾ ಮಗಳ ಕೂದಲು ನೇವರಿಸಿದಳು. ಸಿರಿ ತನ್ನ ಪಟ್ಟಿ ಸುತ್ತಿದ ಕಾಲಿನ ಕಡೆ ನೋಡಿ ಬೇಡವೆಂದು ತಲೆಯಾಡಿಸಿದಳು.

"ಯಾಕೆ ಒಳಗೆ ಉಳ್ಕೊಂಡೆ ಚಿನ್ನ?"

"ಅಣ್ಣ ಬಂದ್ರೆ, ಒಂದು ರೌಂಡು ಕೊಡು ಅಂತ ಕೇಳೋಣ ಅಂತ. ಕೋಣೆ ಬಾಗಿಲ ಹಿಂದೆ ಇದ್ದೆ. ಅವನು ಬರ್ಲೇ ಇಲ್ಲ. ಕೂತ್ರೆ ಏನೂ ಅನ್ಕೊಳ್ಳಲ್ಲ ಅಂತ ಕೂತೆ."

ದಿವ್ಯಾ ಕೇಳಿಯೇಬಿಟ್ಟಳು, ಕೇಳದೆ ಇರಲಾಗಲಿಲ್ಲ. ತನ್ನ ತಪ್ಪಿನಲ್ಲಿ ಒಂದು ಚೂರಾದರೂ ಕಡಿಮೆಯಾದೀತೇ ಎಂಬ ಹಾಳು ಆಸೆ. "ಒಂದೇ ಸಲ ಕರೆದು ಸುಮ್ಮನಾದ್ಯಲ್ಲೇ. ಇನ್ನೊಂದು ಸಲ ಕೂಗಿದ್ರೆ ಬಾಗಿಲು ತೆಗೀತಿದ್ವಲ್ಲ. ಯಾಕೆ ಕೂಗಲಿಲ್ಲ?"

ಸಿರಿ ಅಮ್ಮನ ಮುಖವನ್ನೇ ನೋಡಿದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ, ದೂರೂ ಇರಲಿಲ್ಲ.

"ನೀನು ಊಟ ಮಾಡು ಶರತು ಅಂದ್ಯಲ್ಲ. ನಿಂಗೆ ಅಷ್ಟೊಂದು ಖುಷಿಯಾಗಿತ್ತು. ಅದಕ್ಕೇ ಬಾಯಿ ಮುಚ್ಕೊಂಡೆ."